ಎಲ್ಲ ನೋವಿಗೂ ‘ವಾಯು’ ಎಂದರೆ ಮುಗಿಯಿತೇ?

ಮಂಡಿ ನೋವೆಂದರೆ ವಾಯು. ಬೆನ್ನು ಹಿಡಿದುಕೊಂಡರೆ ವಾಯು. ಭುಜ ಎತ್ತಲಾಗದಿದ್ದರೆ ವಾಯು. ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡರೂ ವಾಯುವೇ! ನಮ್ಮ ಊರುಗಳಲ್ಲಿ ಈ ಒಂದು ಮಾತು ಬಂದ ಕೂಡಲೇ ವಿಚಾರಣೆ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಎಣ್ಣೆ, ಮುಲಾಮು, ಮೆಡಿಕಲ್ ಶಾಪಿನ ಮಾತ್ರೆ, ಇಲ್ಲವಾದರೆ “ಒಂದು ಸೂಜಿ ಹಾಕಿಸಿಕೊಂಡು ಬಾ” ಎಂಬ ಸಲಹೆ.

ಗಡಿಯ ಈಚೆಗೆ ಬಂದರೂ ಕಥೆ ಬೇರೆಯಲ್ಲ. ತಮಿಳಿನವರು ‘ವಾದಂ’ ಎನ್ನುತ್ತಾರೆ, ಬೆನ್ನು ಹಿಡಿದರೆ ‘ವಾಯುಪ್ಪಿಡಿಪ್ಪು’ ಎನ್ನುತ್ತಾರೆ. ಕಾಸರಗೋಡಿನ ಕಡೆ ಮಲಯಾಳದಲ್ಲಿ ಅದೇ ‘ವಾತಂ’. ಮೂರು ಭಾಷೆಯವರೂ ಸೇರಿ ಹತ್ತಾರು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೇವೆ.

ಕನ್ನಡ ಮೇಷ್ಟ್ರಿಗೆ ಕೀಲುನೋವಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನಗನ್ನಿಸುವುದು ಇಷ್ಟು: ಈ ವಿಷಯದಲ್ಲಿ ಅರ್ಧ ತೊಂದರೆ ದೇಹದ್ದು, ಅರ್ಧ ತೊಂದರೆ ಮಾತಿನದ್ದು. ಮಾತಿನ ಅರ್ಧವನ್ನು ಸರಿಮಾಡುವುದು ಶಾಲೆಯ ಕೆಲಸ. ಅದರಲ್ಲೂ ಮನೆಯಲ್ಲಿ ಒಂದು ಭಾಷೆ, ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆ ಇರುವ ನಮ್ಮಂಥ ಗಡಿಯವರ ಕೆಲಸ.

ಕಂಬಂ ಕಣಿವೆಯ ಬೆನ್ನುಗಳು

ತೇನಿ, ಕಂಬಂ, ದಿಂಡಿಗಲ್ ಕಡೆ ಕನ್ನಡ ಮನೆಮಾತಿನವರು ಇದ್ದಾರೆ ಎಂದರೆ ಬೆಂಗಳೂರಿನ ಗೆಳೆಯರು ಇವತ್ತಿಗೂ ಹುಬ್ಬೇರಿಸುತ್ತಾರೆ. ಒಕ್ಕಲಿಗರು, ಕಪ್ಪಿಲಿಯರು, ಅನುಪ್ಪರು ಹೀಗೆ ಹಲವು ಸಮುದಾಯದವರು ತಲೆಮಾರುಗಳಿಂದ ಅಲ್ಲಿ ಬೇಸಾಯ ಮಾಡಿಕೊಂಡು ಬಂದಿದ್ದಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲೇ ಕಪ್ಪಿಲಿಯರನ್ನು ಮಧುರೆ, ತಿರುನೆಲ್ವೇಲಿ ಸೀಮೆಯ ಕನ್ನಡ ಮಾತಾಡುವ ರೈತರು ಎಂದು ದಾಖಲಿಸಲಾಗಿದೆ. ಮನೆಯಲ್ಲಿ ಕನ್ನಡ (ತಮಿಳು ಬೆರೆತದ್ದು, ಆದರೂ ಕನ್ನಡವೇ!), ಶಾಲೆಯಲ್ಲಿ ತಮಿಳು, ದುಡಿಯಲು ಬೆಟ್ಟ ಹತ್ತಿದರೆ ಮಲಯಾಳ. ಅವರ ಬದುಕು ಮೂರು ಭಾಷೆಗಳ ಮೇಲೆ ನಿಂತಿದೆ.

ಒಮ್ಮೆ ಆ ಕಣಿವೆಯನ್ನು ನೋಡಬೇಕು. 1895ರಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಯ ನೀರು ಬೆಟ್ಟ ಕೊರೆದ ಸುರಂಗದಿಂದ ಇಳಿದು ಬಂದು ಗದ್ದೆಗಳನ್ನು ತೋಯಿಸುತ್ತದೆ. ಎಲ್ಲಿ ನೋಡಿದರೂ ಭತ್ತ, ಬಾಳೆ, ತೆಂಗು, ದ್ರಾಕ್ಷಿ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಪತ್ರಿಕೆಗಳಲ್ಲಿ ಹಣ್ಣಿನ ಫೋಟೋ ಬಂತು. ಆ ಹಣ್ಣನ್ನು ಕೊಯ್ಯುವವರ ಕುತ್ತಿಗೆಯ ಫೋಟೋ ಯಾರೂ ಹಾಕಲಿಲ್ಲ.

ತಮಾಷೆಗೆ ಹೇಳುತ್ತಿಲ್ಲ. ಅಲ್ಲಿ ದ್ರಾಕ್ಷಿ ಬೆಳೆಯುವುದು ಚಪ್ಪರದ ಮೇಲೆ. ಬಳ್ಳಿ ತಲೆಯ ಮೇಲೆ, ಗೊನೆ ಕಣ್ಣಿನ ಮೇಲೆ. ಕೊಂಬೆ ಸವರುವುದು, ಗೊನೆ ಕತ್ತರಿಸುವುದು ಎಲ್ಲವೂ ಕೈ ಮೇಲೆತ್ತಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ ಮಾಡುವ ಕೆಲಸ. ಕಂಬಂ, ಗೂಡಲೂರು, ಬೋಡಿನಾಯಕನೂರುಗಳಿಂದ ಬೆಳಗಿನ ಜಾವ ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುವ ಹೆಂಗಸರದು ಇದಕ್ಕೆ ಪೂರಾ ಉಲ್ಟಾ. ಏಲಕ್ಕಿ ಕಾಯಿ ಬಿಡುವುದು ಗಿಡದ ಬುಡದಲ್ಲಿ, ನೆಲಕ್ಕೆ ತಾಗಿಕೊಂಡಂತೆ. ಕುಕ್ಕರಗಾಲಲ್ಲಿ ಕೂತು ಅಥವಾ ಸೊಂಟ ಬಗ್ಗಿಸಿ ದಿನವಿಡೀ ಕಾಯಿ ಬಿಡಿಸಬೇಕು, ಮತ್ತೆ ಜೀಪಿನಲ್ಲಿ ಕುಲುಕಾಡಿಕೊಂಡು ಘಟ್ಟ ಇಳಿಯಬೇಕು. ನಾಟಿಯವರದು ಕೆಸರಲ್ಲಿ ಬಗ್ಗಿದ ಬೆನ್ನು. ದಿಂಡಿಗಲ್ಲಿಗೆ ಹೋದರೆ ಬೀಗ ಮಾಡುವವರು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬೀಗಗಳ ಹಿಂದೆ ಅರ ಹಿಡಿದು ಕಬ್ಬಿಣ ಉಜ್ಜುವ ಮಣಿಕಟ್ಟುಗಳಿವೆ. ಪಕ್ಕದ ಚಿನ್ನಾಳಪಟ್ಟಿಯಲ್ಲಿ ಮಗ್ಗದ ಮುಂದೆ ಕೂತ ಮೊಣಕಾಲುಗಳಿವೆ.

ಒಬ್ಬೊಬ್ಬರ ನೋವೂ ಬೇರೆ. ಜಾಗ ಬೇರೆ, ಕಾರಣ ಬೇರೆ, ಮದ್ದೂ ಬೇರೆ. ಕೇಳಿದರೆ ಎಲ್ಲರ ಉತ್ತರವೂ ಒಂದೇ, ‘ವಾದಂ’.

ಅಜ್ಜಿ ಹೇಳಿದ್ದು, ಮೊಮ್ಮಗಳು ಹೇಳಿದ್ದು

ಒಂದು ಉದಾಹರಣೆ ಕೊಡುತ್ತೇನೆ. ಇಂಥದ್ದು ಗಡಿಯ ಯಾವ ಆಸ್ಪತ್ರೆಯಲ್ಲಾದರೂ ನಡೆಯುವಂಥದ್ದೇ. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಸಲೀಸಾಗಿ ಬರುವುದಿಲ್ಲ. ಡಾಕ್ಟರಿಗೆ ಕನ್ನಡ ಬರುವುದಿಲ್ಲ. ನಡುವೆ ಆರನೇ ಕ್ಲಾಸಿನ ಮೊಮ್ಮಗಳು ದುಭಾಷಿ.

ಅಜ್ಜಿ ಹೇಳುತ್ತಾಳೆ: “ಬೆಳಿಗ್ಗೆ ಎದ್ದಾಗ ಎರಡು ಕೈಯ ಬೆರಳೂ ಮಡಿಸಕ್ಕಾಗಲ್ಲ ಮಗಾ. ಲೋಟ ಹಿಡಿಯಕ್ಕಾಗಲ್ಲ. ಬಿಸಿಲೇರಿದ ಮೇಲೆ ಸಡಿಲಾಗ್ತದೆ.”

ಮೊಮ್ಮಗಳು ಡಾಕ್ಟರಿಗೆ ಹೇಳುತ್ತಾಳೆ: “ಪಾಟ್ಟಿಕ್ಕು ಕೈ ವಲಿ.” ಅಂದರೆ ಅಜ್ಜಿಗೆ ಕೈನೋವು.

ಅಷ್ಟೇ! ಅಜ್ಜಿಯ ಮೂರು ವಾಕ್ಯದಲ್ಲಿ ರೋಗದ ವಿಳಾಸವೇ ಇತ್ತು. ಎರಡೂ ಕೈ ಎಂದಳು, ಬೆರಳಿನ ಸಣ್ಣ ಕೀಲು ಎಂದಳು, ಬೆಳಗಿನ ಬಿಗಿತ ಎಂದಳು, ಅದು ಬಿಡಲು ಗಂಟೆಗಟ್ಟಲೆ ಬೇಕು ಎಂದಳು. ಇದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದೇ ಎಂದು ಯಾವ ವೈದ್ಯರಿಗಾದರೂ ಅನುಮಾನ ಹುಟ್ಟಿಸುವ ಮಾತುಗಳು. ‘ಕೈ ವಲಿ’ ಎಂಬಲ್ಲಿ ಅದೆಲ್ಲ ಸೋರಿಹೋಯಿತು. ಜನ ತುಂಬಿದ ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷ ಸಿಗುವ ರೋಗಿಗೆ ನೋವಿನ ಮಾತ್ರೆ ಬರೆದುಕೊಡುತ್ತಾರೆ. ಮಗುವನ್ನು ಬೈಯುವಂತಿಲ್ಲ, ನಾವು ಅದಕ್ಕೆ ಕಲಿಸಿದ್ದು ಅಷ್ಟೇ ಮಾತು.

ಕನ್ನಡದಲ್ಲಿ ಮಾತಿಗೆ ಬರವೇ? ಸೆಳೆತ, ಚಳಕು, ಜೋಮು, ಉಳುಕು, ಬಿಗಿತ, ಹಿಡಿತ, ತಿವಿತ, ಸಿಡಿತ, ಉರಿ, ಬಾವು, ಮರಗಟ್ಟುವುದು, ಕಾಲು ಸೋಲುವುದು... ಕಾಸರಗೋಡಿನವರಿಗೆ ‘ಬೇನೆ’ ಬೇರೆ ಇದೆ. ನೆರೆಯ ಭಾಷೆಗಳೂ ಬಡವಲ್ಲ. ನಮ್ಮ ಉಳುಕು ತಮಿಳಿನ ‘ಸುಳುಕ್ಕು’, ಮಲಯಾಳದ ‘ಉಳುಕ್ಕು’. ನಮ್ಮ ಬಾವು ತಮಿಳಿನ ‘ವೀಕ್ಕಂ’, ಮಲಯಾಳದ ‘ನೀರು’. ಒಳಗೊಳಗೆ ಕೊರೆಯುವ ನೋವಿಗೆ ತಮಿಳಿನಲ್ಲಿ ‘ಕುಡೈಚ್ಚಲ್’ ಎಂಬ ಚೆಂದದ ಮಾತಿದೆ. ಜೋಮು ಹಿಡಿಯುವುದಕ್ಕೆ ಮಲಯಾಳದಲ್ಲಿ ‘ತರಿಪ್ಪು’. ಇವನ್ನು ಜೋಡಿ ಜೋಡಿಯಾಗಿ ಕಲಿತ ಮಗು ಅಜ್ಜಿಯ ಜೊತೆ ಹೋದರೆ ಆಸ್ಪತ್ರೆಯಲ್ಲಿ ನಡೆಯುವ ಮಾತೇ ಬೇರೆಯಾಗುತ್ತದೆ.

ಇನ್ನೊಂದು ಮಾತು. “ವಾಯು ಎನ್ನುವುದು ನಮ್ಮ ಹಿರಿಯರ ಜ್ಞಾನ, ಅದನ್ನು ಹೀಗಳೆಯಬೇಡಿ” ಎಂದು ಕೆಲವರು ಸಿಟ್ಟಾಗಬಹುದು. ಸ್ವಾಮೀ, ಹಿರಿಯರು ಹೀಗೆ ಒಂದೇ ಚೀಲಕ್ಕೆ ತುಂಬಿರಲೇ ಇಲ್ಲ! ಚರಕಸಂಹಿತೆ ವಾತದ ರೋಗಗಳನ್ನು 80 ಎಂದು ಎಣಿಸುತ್ತದೆ. ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಆಯುರ್ವೇದದಲ್ಲಿ ಗೃಧ್ರಸಿ ಎಂಬ ಹೆಸರು, ಎತ್ತಲಾಗದ ಭುಜಕ್ಕೆ ಅವಬಾಹುಕ. ಸಂಧಿಗತವಾತ ಬೇರೆ, ಆಮವಾತ ಬೇರೆ, ವಾತರಕ್ತ ಬೇರೆ. ವಿಂಗಡಿಸಿ ನೋಡುವುದೇ ಪರಂಪರೆಯಾಗಿತ್ತು. ಒಟ್ಟುಗೂಡಿಸಿದ ಸೋಮಾರಿತನ ನಮ್ಮದು.

ಐದು ಪ್ರಶ್ನೆಗಳು

ಹಾಗಾದರೆ ಏನು ನೋಡಬೇಕು? ಯಾವಾಗ ಹೆಚ್ಚು, ಎಲ್ಲಿ, ಒಂದು ಕಡೆಯೋ ಎರಡೂ ಕಡೆಯೋ, ಬಾವು ಇದೆಯೇ, ಹೇಗೆ ಶುರುವಾಯಿತು. ಈ ಐದಕ್ಕೆ ಉತ್ತರವಿದ್ದರೆ ವೈದ್ಯರ ಅರ್ಧ ಕೆಲಸ ಹಗುರ. (ನಾವು ಔಷಧಿ ಹೇಳುವುದಕ್ಕಲ್ಲ, ವಿವರ ಹೇಳುವುದಕ್ಕೆ. ಇದು ನೆನಪಿರಲಿ.)

ಮೊದಲು ಸವೆತ. ನಡುವಯಸ್ಸು ದಾಟಿದವರ ಮಂಡಿ ನೋವಿನಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ, ಆಸ್ಟಿಯೋ ಆರ್ಥ್ರೈಟಿಸ್. ಮೂಳೆಗಳ ತುದಿಯ ನುಣುಪಾದ ಮೃದ್ವಸ್ಥಿ ಸವೆಯುತ್ತದೆ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಿಂದ ಏಳುವಾಗ ನೋವು, ಕೂತರೆ ಕಡಿಮೆ. ಕಟಕಟ ಸದ್ದು. ಬೆಳಗಿನ ಬಿಗಿತ ಇದ್ದರೂ ಅರ್ಧ ಗಂಟೆಯೊಳಗೆ ಬಿಡುತ್ತದೆ. ಕೈಬೆರಳಲ್ಲಿ ಬಂದರೆ ಉಗುರಿನ ಹತ್ತಿರದ ಕೀಲು ಗಂಟುಕಟ್ಟುತ್ತದೆ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ತೂಕ ಇಳಿಸುವುದು, ನೆಲದ ಬದಲು ಮಣೆ ಅಥವಾ ಸ್ಟೂಲಿನ ಮೇಲೆ ಕೂರುವುದು ಇವೆಲ್ಲ ಮಾತ್ರೆಯಷ್ಟೇ ಮುಖ್ಯ. ನೋವೆಂದು ಪೂರಾ ಕೂತುಬಿಟ್ಟರೆ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ.

ಎರಡನೆಯದು ಉರಿಯೂತ, ಅಜ್ಜಿಯ ಉದಾಹರಣೆಯಲ್ಲಿ ಹೇಳಿದ ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಪ್ಪಿನ ಕಾಯಿಲೆ ಎಂದುಕೊಳ್ಳಬೇಡಿ, ಮೂವತ್ತು ನಲವತ್ತರ ತಾಯಂದಿರಿಗೂ ಬರುತ್ತದೆ. ಗೆಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಎರಡೂ ಕಡೆ ಊದುತ್ತವೆ. ಸುಸ್ತು, ಸಣ್ಣ ಜ್ವರ ಇರಬಹುದು. ವಿಶ್ರಾಂತಿಯಲ್ಲಿ ಬಿಗಿತ ಹೆಚ್ಚು, ಓಡಾಡಿದರೆ ಸಡಿಲ. ಸವೆತಕ್ಕೂ ಇದಕ್ಕೂ ಇರುವ ಈ ವ್ಯತ್ಯಾಸವನ್ನು ಗಮನಿಸಿ. ಇದಕ್ಕೆ ಬೇಗ ಚಿಕಿತ್ಸೆ ಶುರುವಾದರೆ ಕೀಲು ಉಳಿಯುತ್ತದೆ. ವರ್ಷಗಟ್ಟಲೆ ಬರೀ ನೋವಿನ ಮಾತ್ರೆಯಲ್ಲಿ ಕಳೆದರೆ ಬೆರಳು ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಮಾತ್ರೆಗೆ ನೆಟ್ಟಗಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಕಾಯಿಲೆಗೆ ಹೆಚ್ಚಾಗಿ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ನುಂಗಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯವರು ಹೇಳುವುದು ತಮಿಳಿನಲ್ಲೋ ಮಲಯಾಳದಲ್ಲೋ, ನುಂಗುವ ಅಜ್ಜಿಗೆ ಗೊತ್ತಿರುವುದು ಕನ್ನಡ. ಡಾಕ್ಟರನ್ನು ಕೇಳಿಕೊಂಡು ಆ ಪಟ್ಟಿಯ ಮೇಲೆ ‘ಸೋಮವಾರ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸುವ ಮಗು ಒಂದು ಜೀವ ಉಳಿಸುತ್ತದೆ. ಕನ್ನಡ ಕಲಿತು ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಕೊಡುವ ಉತ್ತರಗಳಲ್ಲಿ ಇದೂ ಒಂದು.

ಮೂರನೆಯದು ಗೌಟ್. ರಾತ್ರಿ ಸರಿಯಾಗಿ ಮಲಗಿದವರು ನಡುರಾತ್ರಿ ಹೆಬ್ಬೆರಳ ಬುಡದ ನೋವಿಗೆ ಎಚ್ಚರಾಗುತ್ತಾರೆ. ಕೆಂಪು, ಬಿಸಿ, ಹೊದಿಕೆ ತಾಗಿದರೂ ಸಹಿಸಲಾಗದು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಹರಳಾಗಿ ಕೀಲಿನಲ್ಲಿ ಕೂರುವುದು ಕಾರಣ. ಗಂಡಸರಲ್ಲಿ ಹೆಚ್ಚು. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟರಲ್ಲಿ ಕಟ್ಟಿದ ಸೊಪ್ಪಿಗೋ ಕಟ್ಟಿದ ತಾಯಿತಕ್ಕೋ ಹೆಸರು ಬಂದಿರುತ್ತದೆ! ಆದರೆ ಮತ್ತೆ ಬರುತ್ತದೆ, ಬಂದು ಬಂದು ಕೀಲನ್ನೂ ಕಿಡ್ನಿಯನ್ನೂ ಕೆಡಿಸುತ್ತದೆ.

ಕೀಲಿನದಲ್ಲದ ನೋವೂ ಬಹಳ. ಭುಜ ನಿಧಾನಕ್ಕೆ ಬಿಗಿದು, ತಲೆ ಬಾಚಲಾಗದೆ, ಕೈ ಬೆನ್ನ ಹಿಂದೆ ಹೋಗದೆ ಇರುವುದು ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು, ಆದ್ದರಿಂದ ಭುಜ ಬಿಗಿದವರು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಜೋಮು ಹಿಡಿದು, ಎದ್ದು ಕೈ ಕೊಡವಿದರೆ ಸರಿಹೋಗುವುದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದು, ಕಾರ್ಪಲ್ ಟನಲ್ ಎನ್ನುತ್ತಾರೆ. ಉಪಕರಣ ಬಿಗಿಹಿಡಿದು ದುಡಿಯುವವರಲ್ಲಿ ಕಾಣುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗಿ, ನಾಲ್ಕು ಹೆಜ್ಜೆಗೆ ಕಡಿಮೆಯಾಗುವುದು ಅಂಗಾಲಿನ ಪಟ್ಟಿಯ ನೋವು. ದಿನವಿಡೀ ನಿಂತು ಪಾಠ ಮಾಡುವ ನಮ್ಮ ಟೀಚರುಗಳಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಪಿರ್ರೆಯಿಂದ ಹೊರಟು ಮಂಡಿಯ ಕೆಳಗಿನವರೆಗೂ ಕರೆಂಟು ಹೊಡೆದಂತೆ ಇಳಿಯುವುದು, ಕೆಮ್ಮಿದರೆ ಜಾಸ್ತಿಯಾಗುವುದು ಸಯಾಟಿಕಾ.

ಇನ್ನು ಬೆನ್ನು ಹಿಡಿದುಕೊಳ್ಳುವುದು. ಬಹುಪಾಲು ಸ್ನಾಯುವಿನ ನೋವು, ಕೆಲವು ವಾರಗಳಲ್ಲಿ ತಾನೇ ಬಿಡುತ್ತದೆ. ಹಾಸಿಗೆ ಹಿಡಿಯುವುದಕ್ಕಿಂತ ಆದಷ್ಟು ಓಡಾಡಿಕೊಂಡಿರುವುದೇ ಒಳ್ಳೆಯದು ಎಂಬುದು ಇವತ್ತಿನ ವೈದ್ಯರ ಮಾತು. ಆದರೆ ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ತೊಡೆಯ ಸಂದು ಮರಗಟ್ಟಿದರೆ, ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ವಾರಗಟ್ಟಲೆ ಬಿಡದ ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು.

ನೀರಿನಿಂದ, ಸೊಳ್ಳೆಯಿಂದ

ಕೆಲವು ನೋವು ದುಡಿಮೆಯಿಂದಲ್ಲ, ಊರಿನಿಂದ ಬರುತ್ತದೆ. 2006ನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಚಿಕುನ್‌ಗುನ್ಯ ಬಂದು ಇಡೀ ಇಡೀ ಊರುಗಳು ಗೋಡೆ ಹಿಡಿದು ನಡೆದ ವರ್ಷ ಅದು. ದೇಶದಲ್ಲಿ ಆ ವರ್ಷ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದವು, ಅದರಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದ್ದೇ. ಆ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದು, ‘ಬಾಗಿಸುವಂಥದ್ದು’ ಎಂಬರ್ಥ ಕೊಡುತ್ತದೆ. ನೋಡಿ, ಆ ಜನ ನೋವಿಗೆ ಎಷ್ಟು ಸರಿಯಾದ ಹೆಸರಿಟ್ಟರು! ಜ್ವರ ವಾರದಲ್ಲಿ ಹೋದರೂ ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಹುಟ್ಟುವುದು ನಮ್ಮದೇ ಡ್ರಮ್ಮು, ಟೈರು, ತೆಂಗಿನ ಚಿಪ್ಪಿನ ನೀರಿನಲ್ಲಿ.

ದಿಂಡಿಗಲ್ ಜಿಲ್ಲೆಯ ಕಥೆ ಇನ್ನೊಂದು. ಅಲ್ಲಿ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಪಟ್ಟೆ ಕಾಣುತ್ತದೆ. ಇನ್ನೂ ಹೆಚ್ಚಿದರೆ ದೊಡ್ಡವರ ಕುತ್ತಿಗೆ, ಬೆನ್ನು, ಕೀಲು ಬಿಗಿಯುತ್ತವೆ. ಮೂಳೆಯ ಈ ಕಾಯಿಲೆಯನ್ನು ನಮ್ಮ ದೇಶದಲ್ಲಿ ಮೊದಲು ವಿವರಿಸಿದ್ದು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರಿನಲ್ಲಿ. ಕರ್ನಾಟಕದ ಪಾವಗಡ, ಮುಂಡರಗಿ ಕಡೆಯವರಿಗೂ ಈ ನೀರು ಹೊಸದಲ್ಲ. ಇದನ್ನು ವಾಯು ಎಂದು ಎಣ್ಣೆ ತಿಕ್ಕಿದರೆ ಏನು ಬಂತು? ನೀರು ಬದಲಾಗಬೇಕು. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಇದನ್ನು ಮೊದಲು ಕಾಣುವವರು ಯಾರು? ದಿನವೂ ಮಕ್ಕಳ ನಗುವನ್ನು ನೋಡುವ ಟೀಚರು. ಒಂದು ಕ್ಲಾಸಿನ ಹತ್ತಾರು ಮಕ್ಕಳಿಗೆ ಹಲ್ಲಿನಲ್ಲಿ ಪಟ್ಟೆ ಇದ್ದರೆ ಅದು ಹಲ್ಲುಜ್ಜದ ತಪ್ಪಲ್ಲ, ಆ ಊರಿನ ನೀರಿನ ಪರೀಕ್ಷೆ ಮಾಡಿಸಿ ಎಂದು ಪಂಚಾಯತಿಗೆ ಪತ್ರ ಬರೆಯಬೇಕಾದ ಸಂಗತಿ.

ಮಗು ಕುಂಟಿದರೆ

ಈಗ ಶಾಲೆಯವರು ತಪ್ಪದೆ ಓದಬೇಕಾದ ಭಾಗ. ಮಕ್ಕಳ ಕಾಲುನೋವನ್ನು ನಾವು ಎರಡೇ ರೀತಿ ಅರ್ಥಮಾಡಿಕೊಳ್ಳುತ್ತೇವೆ: ಒಂದು ಬೆಳೆಯುವ ನೋವು, ಇನ್ನೊಂದು ಡ್ರಿಲ್ ತಪ್ಪಿಸಿಕೊಳ್ಳುವ ನೆಪ!

ಬೆಳೆಯುವ ನೋವು ಎನ್ನುವುದು ಇದೆ. ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಸಂಜೆ ಅಥವಾ ರಾತ್ರಿ, ಎರಡೂ ಕಾಲಿನ ಮೀನಖಂಡದಲ್ಲಿ, ತೊಡೆಯಲ್ಲಿ ನೋವು. ತಿಕ್ಕಿದರೆ ಹಾಯೆನಿಸುತ್ತದೆ. ಬೆಳಿಗ್ಗೆ ಎದ್ದರೆ ಏನೂ ಇಲ್ಲ, ಕುಣಿದಾಡಿಕೊಂಡು ಶಾಲೆಗೆ ಬರುತ್ತಾರೆ. ಬಾವು ಇಲ್ಲ, ಜ್ವರ ಇಲ್ಲ, ಕುಂಟುವುದಿಲ್ಲ. ಇದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ರುಮ್ಯಾಟಿಕ್ ಜ್ವರಕ್ಕೆ. 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು, ಅಂದರೆ ನಮ್ಮ ಶಾಲೆಯ ವಯಸ್ಸಿನಲ್ಲೇ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲುನೋವು ಬಂದು ಹೋದ ಎರಡು ಮೂರು ವಾರದ ಮೇಲೆ ಜ್ವರ, ಜೊತೆಗೆ ದೊಡ್ಡ ಕೀಲುಗಳಲ್ಲಿ ನೋವು, ಬಾವು. ಇವತ್ತು ಮಂಡಿ, ನಾಡಿದ್ದು ಹರಡು, ಆಮೇಲೆ ಮೊಣಕೈ. ನೋವು ಕೀಲಿನಿಂದ ಕೀಲಿಗೆ ಹಾರುತ್ತದೆ. ಹಾಗಾಗಿ ನೆಪ ಎಂದು ತೋರುವುದು ಸುಲಭ. “ನಿನ್ನೆ ಆ ಕಾಲು ಅಂದೆ, ಇವತ್ತು ಈ ಕಾಲು ಅಂತೀಯಲ್ಲೋ” ಎಂದು ನಾವೇ ಗದರಿಸುತ್ತೇವೆ. ಗದರಿಸುವ ಮೊದಲು ನೆನಪಿಡಿ, ಆ ಹಾರಾಟವೇ ರೋಗದ ಲಕ್ಷಣ. ಕೀಲುನೋವು ಏನೂ ಉಳಿಸದೆ ಹೋಗುತ್ತದೆ, ಆದರೆ ಹೃದಯದ ಕವಾಟವನ್ನು ಕೆಡಿಸಿ ಹೋಗಬಹುದು. ಸಕಾಲದಲ್ಲಿ ಗೊತ್ತಾದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ಕೊಟ್ಟು, ವರ್ಷಗಟ್ಟಲೆ ಕೊಟ್ಟು, ಹೃದಯವನ್ನು ಕಾಪಾಡುತ್ತಾರೆ. ಅಂಥ ಮಗು ನಿಮ್ಮ ಕ್ಲಾಸಿನಲ್ಲಿದ್ದರೆ ಚುಚ್ಚುಮದ್ದಿನ ದಿನ ಹಾಜರಿ ಕೇಳಬೇಡಿ, ಬದಲಿಗೆ ಆ ದಿನವನ್ನು ನೀವೇ ನೆನಪಿಸಿ.

ಇನ್ನು ಕೆಲವು. ಒಂದು ಕೀಲು ಬಿಸಿಯಾಗಿ ಊದಿ, ಜ್ವರ ಬಂದು, ಮಗು ಕಾಲೂರಲು ಒಲ್ಲೆನೆಂದರೆ ಕೀಲಿನೊಳಗೆ ಕೀವಾಗಿರಬಹುದು. ಅದು ಗಂಟೆಗಳ ಲೆಕ್ಕದ ತುರ್ತು. ವಾರಗಟ್ಟಲೆ ಕೀಲು ಊದಿಕೊಂಡೇ ಇದ್ದರೆ ಮಕ್ಕಳಿಗೂ ಆರ್ಥ್ರೈಟಿಸ್ ಬರುತ್ತದೆ ಎಂಬುದು ನೆನಪಿರಲಿ. ಮೂಳೆನೋವಿನ ಜೊತೆ ಮಗು ಬಿಳಿಚಿಕೊಂಡು, ಸೊರಗಿ, ಮೈಮೇಲೆ ನೀಲಿ ಕಲೆ ಕಂಡರೆ ರಕ್ತಪರೀಕ್ಷೆಗೆ ತಡಮಾಡಬಾರದು.

ಚೀಲದ ಭಾರವನ್ನೂ ಹೇಳಿಬಿಡುತ್ತೇನೆ. 2018ರ ನವೆಂಬರಿನಲ್ಲಿ ಕೇಂದ್ರ ಮಾನವ ಸಂಪನ್ಮೂಲ ಇಲಾಖೆ ಮಿತಿ ಹೇಳಿತು: 1-2ನೇ ತರಗತಿಗೆ 1.5 ಕಿಲೋ, 3ರಿಂದ 5ಕ್ಕೆ 2-3 ಕಿಲೋ, 6-7ಕ್ಕೆ 4 ಕಿಲೋ, 8-9ಕ್ಕೆ 4.5 ಕಿಲೋ, ಹತ್ತಕ್ಕೆ 5 ಕಿಲೋ. ತಕ್ಕಡಿ ಎಲ್ಲ ಊರಿನ ಅಂಗಡಿಯಲ್ಲೂ ಇದೆ. ಒಂದು ದಿನ ತೂಗಿ ನೋಡಿ, ಆಶ್ಚರ್ಯವಾಗುತ್ತದೆ.

ಸೂಜಿ ಮತ್ತು ಪುಡಿ

ಈಗ ನನ್ನ ಮುಖ್ಯ ತಕರಾರು. ‘ವಾಯು’ ಎಂಬ ಒಂದೇ ಹೆಸರು ಬದುಕಿರುವುದರಿಂದ ಲಾಭ ಯಾರಿಗೆ? ಒಂದೇ ಮದ್ದು ಮಾರುವವರಿಗೆ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನದಲ್ಲಿ ಎಲ್ಲ ನೋವೂ ಮಾಯವಾಯಿತೆಂದರೆ ಖುಷಿಪಡುವ ಬದಲು ಅನುಮಾನಪಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ವೈದ್ಯರು ಅಳೆದು ಕೊಟ್ಟರೆ ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ. ಅಳತೆಯಿಲ್ಲದೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಥಟ್ಟನೆ ಬಿಟ್ಟರೆ ಜೀವಕ್ಕೆ ಅಪಾಯ. ದಿನವೂ ನುಂಗುವ ನೋವಿನ ಮಾತ್ರೆಗೆ ಹೊಟ್ಟೆಯ ಹುಣ್ಣು, ಕಿಡ್ನಿಯ ಹಾನಿ ಬೆನ್ನಿಗೇ ಇರುತ್ತವೆ.

“ಕೂಲಿಯವರಿಗೆ ವಿಶ್ರಾಂತಿ ಎಲ್ಲಿ ಮೇಷ್ಟ್ರೇ? ಸೂಜಿ ಹಾಕಿಸಿಕೊಂಡರೆ ನಾಳೆ ಜೀಪು ಹತ್ತಬಹುದು, ಇಲ್ಲದಿದ್ದರೆ ದಿನದ ಕೂಲಿ ಹೋಗುತ್ತದೆ.” ಈ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರವಿಲ್ಲ, ಇದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಆದರೆ ಕೆಲವು ಬದಲಾವಣೆಗೆ ರಜೆ ಬೇಡ, ಮನಸ್ಸು ಬೇಕು. ಚಪ್ಪರದ ಕೆಳಗೆ ನಿಂತು ಕೊಯ್ಯುವವರಿಗೆ ಗಟ್ಟಿಯಾದ ಒಂದು ಮೆಟ್ಟುಮಣೆ, ಕುಕ್ಕರಗಾಲಿನವರಿಗೆ ಗಿಡ್ಡ ಸ್ಟೂಲು, ಗಂಟೆಗೊಮ್ಮೆ ಎರಡು ನಿಮಿಷ ಮೈ ನೆಟ್ಟಗೆ ಮಾಡುವ ಬಿಡುವು, ಬಗ್ಗುವ ಕೆಲಸವನ್ನೂ ನಿಲ್ಲುವ ಕೆಲಸವನ್ನೂ ಅದಲುಬದಲು ಮಾಡುವುದು. ಇದು ತೋಟದ ಯಜಮಾನರ ಜವಾಬ್ದಾರಿ, ಉಪಕಾರವಲ್ಲ. ತಮಿಳುನಾಡು ಸರಕಾರ 2021ರ ಆಗಸ್ಟ್ 5ರಂದು ನಮ್ಮ ಗಡಿಯದೇ ಆದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಬಾಗಿಲಿಗೆ ಫಿಸಿಯೋಥೆರಪಿಯನ್ನೂ ಸೇರಿಸಲಾಯಿತು. ತೇನಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಮೊದಲೇ ಇತ್ತು, ದಿಂಡಿಗಲ್ಲಿನದು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇಂಥವನ್ನು ಕೇಳಿ ಪಡೆಯುವುದಕ್ಕೂ ನೋವನ್ನು ವಿವರಿಸಲು ಬರಬೇಕು.

ಕೊನೆಗೆ ನನ್ನ ಸಲಹೆ ಬಹಳ ಸಣ್ಣದು. ಐದು ಮತ್ತು ಅದಕ್ಕೂ ಮೇಲಿನ ತರಗತಿಗಳಲ್ಲಿ ಒಂದು ಪೀರಿಯಡ್ ‘ನೋವಿನ ಮಾತು’ಗಳಿಗೆ ಕೊಡೋಣ. ಒಂದು ಕಡೆ ಕನ್ನಡದ ಮಾತು, ಪಕ್ಕದಲ್ಲಿ ತಮಿಳಿನದೋ ಮಲಯಾಳದ್ದೋ ತೆಲುಗಿನದೋ ಮಾತು, ಮಕ್ಕಳೇ ಮನೆಯಲ್ಲಿ ಕೇಳಿ ತರಲಿ. ಅದರ ಕೆಳಗೆ ಆ ಐದು ಪ್ರಶ್ನೆ. ಆ ಹಾಳೆಯನ್ನು ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿಸಲಿ. ಖರ್ಚು ಒಂದು ಬಿಳಿ ಹಾಳೆ.

ನಿಮ್ಮ ಊರಲ್ಲಿ ನೋವಿಗೆ ಇನ್ನೂ ಯಾವ ಯಾವ ಮಾತುಗಳಿವೆ? ಮನೆಯ ಹಿರಿಯರನ್ನು ಕೇಳಿ ಬರೆದು ತಿಳಿಸಿ. ಕೇಳುವಾಗ ಅವರ ಬೆರಳುಗಳನ್ನೂ ಒಮ್ಮೆ ನೋಡಿ.